ಬೀಗ ಹಾಕಿದ ಸಭಾಗೃಹವೂ ಬಿಡಾರವಿಲ್ಲದ ಸಂಗೀತವೂ

ಮೈಸೂರಿನಿಂದ ಹುಣಸೂರು ಮಾರ್ಗವಾಗಿ ಗೋಣಿಕೊಪ್ಪಲಿಗೆ ಹೋಗುವ ದಾರಿಯಲ್ಲಿ, ಆನೆಚೌಕೂರಿನ ಕಾಡನ್ನು ದಾಟಿದ ಮೇಲೆ ಸಿಕ್ಕುವ ಊರು ತಿತಿಮತಿ. ಕೊಡಗಿನ ಈ ಬಾಗಿಲಿನಿಂದ ಹೊರಕ್ಕೆ ಹೋಗುವುವುಗಳಲ್ಲಿ ಮುಖ್ಯವಾದುವು ಮೂರು: ಕಾಫಿ, ಮೆಣಸು, ಯುವಕರು. ಈ ಯುವಕರಲ್ಲಿ ಕೆಲವರು ಶನಿವಾರದ ದಿನ ಬಸ್ಸು ಹತ್ತಿ, ಮೈಸೂರಿಗೋ ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ದೂರದ ಬೆಂಗಳೂರಿಗೋ ಹೋಗಿ, ಅಲ್ಲಿಯ ಸಣ್ಣ ಸಭಾಂಗಣಗಳಲ್ಲಿ ನಡೆಯುವ ರಾಕ್ ಸಂಗೀತದ ಕಛೇರಿಗಳನ್ನು ಕೇಳಿ ಬರುತ್ತಾರೆಂಬುದು ಸುಶಿಕ್ಷಿತರ ಜಗಲಿಗಳಲ್ಲಿ ಈಚೆಗೆ ಒಂದು ದೊಡ್ಡ ದೂರಾಗಿ ಪರಿಣಮಿಸಿದೆ.

ಪೂರ್ವಪಕ್ಷವನ್ನು ಪೂರ್ತಿಯಾಗಿ ಹೇಳದೆ ಖಂಡಿಸಹೊರಡುವುದು ಶಾಸ್ತ್ರಮರ್ಯಾದೆಯಲ್ಲ. ಆದುದರಿಂದ ಆಕ್ಷೇಪಗಳನ್ನು ಮೊದಲು ಕ್ರಮವಾಗಿ ನಿರೂಪಿಸತಕ್ಕದ್ದು. ಈ ಸಂಗೀತವು ವಿದೇಶೀಯವೆಂಬುದು ಒಂದನೆಯದು. ಅದು ಸಂಗೀತವೇ ಅಲ್ಲ, ಬರಿಯ ಗದ್ದಲವೆಂಬುದು ಎರಡನೆಯದು. ಅದು ಅಸಭ್ಯವೆಂಬುದು ಮೂರನೆಯದು. ಅದು ನಡೆಯುವ ಸ್ಥಳಗಳು ಮದ್ಯದಂಗಡಿಗಳೆಂಬುದು ನಾಲ್ಕನೆಯದು. ಇವುಗಳಲ್ಲಿ ಮೊದಲಿನ ಮೂರು ನಿಲ್ಲುವುವಲ್ಲ. ನಾಲ್ಕನೆಯದು ನಿಲ್ಲುತ್ತದೆ, ಆದರೆ ಅದು ಯುವಕರ ಮೇಲೆ ನಿಲ್ಲದೆ, ಆಕ್ಷೇಪಿಸುವ ಹಿರಿಯರ ತಲೆಯ ಮೇಲೆಯೇ ಬಂದು ನಿಲ್ಲುತ್ತದೆ.

ಆಕ್ಷೇಪಿಸುವವರಲ್ಲಿ ಬಹುಮಂದಿ ಇಂಥ ಕಛೇರಿಯನ್ನು ಕಂಡವರಲ್ಲ. ನೂರಿನ್ನೂರು ಜನ ಹಿಡಿಯುವ ಒಂದು ಕೋಣೆ. ಮೊಳಕಾಲೆತ್ತರದ ಒಂದು ವೇದಿಕೆ. ಗಿಟಾರ್ ಹಿಡಿದ ಒಬ್ಬಿಬ್ಬರು, ಮಂದ್ರಸ್ವರದ ಬೇಸ್ ಗಿಟಾರ್ ನುಡಿಸುವವನೊಬ್ಬ, ಡ್ರಮ್ಸಿನ ಹಿಂದೆ ಕುಳಿತವನೊಬ್ಬ, ಹಾಡುವವನೊಬ್ಬ. ಗಾಯಕನ ಹಣೆಯ ಬೆವರು ಮುಂದೆ ನಿಂತವನಿಗೆ ಕಾಣುತ್ತದೆ. ಕೇಳುಗನ ಬೇಸರವು ಗಾಯಕನಿಗೂ ಕಾಣುತ್ತದೆ. ತಾಳ ತಪ್ಪಿದರೆ ಮರೆಮಾಡುವ ಉಪಾಯವಿಲ್ಲ. ೧೯೯೬ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’, ಮೈಸೂರಿನ ಮೂಲದ ‘ಸ್ವರಾತ್ಮ’ ಮುಂತಾದ ತಂಡಗಳು ಸ್ವಂತ ರಚನೆಗಳನ್ನು ಹಿಡಿದು ಪಳಗಿದುದು ಇಂಥ ಸಣ್ಣ ವೇದಿಕೆಗಳ ಮೇಲೆ.

ವಿದೇಶೀಯವೆಂಬ ಆಕ್ಷೇಪವನ್ನು ಈಗ ಪರೀಕ್ಷಿಸೋಣವಾಗಲಿ. ಯಾವ ಮನೆಯ ಮದುವೆಯಲ್ಲಿ ಪಿಟೀಲಿಲ್ಲದೆ ಗಾಯನವು ಶೋಭಿಸುವುದಿಲ್ಲವೆಂದು ಹೇಳುತ್ತಾರೆಯೋ, ಆ ಪಿಟೀಲು ಯಾವ ಊರಿನದು? ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ಐರೋಪ್ಯರಿಂದ ಕಲಿತು ಕರ್ಣಾಟಕ ಸಂಗೀತಕ್ಕೆ ತಂದರು. ಬಂಟವಾಳ ತಾಲ್ಲೂಕಿನಲ್ಲಿ ಜನಿಸಿದ ಕದ್ರಿ ಗೋಪಾಲನಾಥರು (೧೯೪೯–೨೦೧೯) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತು, ಅದರಲ್ಲಿ ರಾಗಾಲಾಪನೆಯನ್ನು ಸಾಧಿಸಿ, ಲೋಕಪ್ರಸಿದ್ಧರಾದರು. ಅವರ ಕಛೇರಿಗೆ ಹೋಗಿ ತಲೆದೂಗಿದವರು ಗಿಟಾರನ್ನು ಕಂಡು ಮೂಗು ಮುರಿಯುವುದಕ್ಕೆ ನ್ಯಾಯವೆಲ್ಲಿಯದು? ರಘು ದೀಕ್ಷಿತರು ಅದೇ ಗಿಟಾರನ್ನು ಮೀಟುತ್ತ ಶಿಶುನಾಳ ಶರೀಫರ ತತ್ತ್ವಪದವನ್ನು ಹಾಡಿದಾಗ, ಆ ಪದವನ್ನು ಪಠ್ಯಪುಸ್ತಕದಲ್ಲಿಯೂ ಕಾಣದಿದ್ದ ಹುಡುಗರು ಅದನ್ನು ಬಾಯಿಪಾಠ ಮಾಡಿಕೊಂಡರು. ಶಾಸ್ತ್ರವನ್ನೇ ಕೇಳುವುದಾದರೆ, ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕಾಗಿ ವಿಭಾಗಿಸಿದನು. ತಂತಿಯುಳ್ಳದ್ದು ತತ, ಚರ್ಮ ಬಿಗಿದುದು ಅವನದ್ಧ, ಲೋಹದ ತಾಳಗಳು ಘನ, ಊದುವುದು ಸುಷಿರ. ಗಿಟಾರು, ಡ್ರಮ್ಮು, ಸಿಂಬಲ್ಲುಗಳು ಈ ವಿಭಾಗದೊಳಗೆ ಯಾವ ಬಲಾತ್ಕಾರವೂ ಇಲ್ಲದೆ ಹೊಂದಿಕೊಳ್ಳುತ್ತವೆ. ಮುನಿಯು ವಾದ್ಯದ ಲಕ್ಷಣವನ್ನು ಕೇಳಿದನೇ ಹೊರತು, ಅದರ ಜನ್ಮಪತ್ರಿಕೆಯನ್ನು ಕೇಳಲಿಲ್ಲ.

ಎರಡನೆಯದು ಗದ್ದಲದ ವಿಚಾರ. ಇಲ್ಲಿಯೂ ಭರತನೇ ಪ್ರಮಾಣ. ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ಪ್ರೇಕ್ಷಾಗೃಹಗಳನ್ನು ಜ್ಯೇಷ್ಠ, ಮಧ್ಯಮ, ಕನಿಷ್ಠವೆಂದು ಮೂರಾಗಿ ಹೇಳಿ, ಕ್ರಮವಾಗಿ ೧೦೮, ೬೪, ೩೨ ಹಸ್ತಗಳ ಅಳತೆಯನ್ನು ಕೊಟ್ಟಿದೆ. ಮನುಷ್ಯರಿಗೆ ವಿಹಿತವಾದುದು ೬೪ ಹಸ್ತ ಉದ್ದ, ೩೨ ಹಸ್ತ ಅಗಲದ ಮಂಟಪ. ಅಂದರೆ ಸುಮಾರು ೯೬ ಅಡಿ ಉದ್ದ, ೪೮ ಅಡಿ ಅಗಲ. ಇದಕ್ಕಿಂತ ದೊಡ್ಡದನ್ನು ಕಟ್ಟಕೂಡದೇಕೆಂಬುದಕ್ಕೆ ಮುನಿಯು ಕೊಡುವ ಕಾರಣವು ಮನನೀಯವಾದುದು: ಅತಿ ವಿಸ್ತಾರವಾದ ಗೃಹದಲ್ಲಿ ನಟನ ಮಾತು ವಿಸ್ವರವಾಗುತ್ತದೆ, ಅವನ ಮುಖದ ಭಾವವು ಪ್ರೇಕ್ಷಕನಿಗೆ ಅವ್ಯಕ್ತವಾಗುತ್ತದೆ. ೨೦೧೧ರ ಅಕ್ಟೋಬರ್ ೩೦ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಮೆಟಾಲಿಕಾ’ ತಂಡವು ನುಡಿಸಿದಾಗ ಸಹಸ್ರಾರು ಜನ ನೆರೆದಿದ್ದರು. ಅಷ್ಟು ದೊಡ್ಡ ಮೈದಾನದ ಹಿಂದಿನ ಸಾಲಿನವನಿಗೆ ವಾದಕನು ಹೆಬ್ಬೆರಳಿನಷ್ಟೇ ಕಾಣುವನು. ಅವನು ಕಂಡುದು ಪರದೆಯ ಮೇಲಿನ ಚಿತ್ರ, ಕೇಳಿದುದು ಯಂತ್ರದ ಗರ್ಜನೆ. ಸಣ್ಣ ಕೋಣೆಯನ್ನು ಹುಡುಕಿಕೊಂಡು ಹೋಗುವ ಯುವಕನು, ಶಾಸ್ತ್ರವನ್ನು ಓದದೆಯೇ, ಭರತನ ಮತವನ್ನು ಅನುಸರಿಸುತ್ತಾನೆ.

ಗದ್ದಲವನ್ನು ದೂರುವವರ ಮನೆಯ ಮದುವೆಗಳನ್ನು ಸ್ವಲ್ಪ ನೋಡತಕ್ಕದ್ದು. ವಾಲಗದವರು ನುಡಿಸಿ ಮುಗಿಸಿದೊಡನೆ, ಆಳೆತ್ತರದ ಧ್ವನಿವರ್ಧಕಗಳನ್ನು ನಿಲ್ಲಿಸಿ, ಡಿ. ಜೆ. ಎಂಬೊಬ್ಬನು ಗುಂಡಿ ಒತ್ತಿ ಹೊರಡಿಸುವ ಧ್ವನಿಗೆ ತೋಟದಾಚೆಯ ಮನೆಯ ಕಿಟಕಿಗಳು ನಡುಗುತ್ತವೆ. ಮಡಿಕೇರಿಯ ದಸರೆಯಲ್ಲಿ ವಿಜಯದಶಮಿಯ ರಾತ್ರಿ ದಶಮಂಟಪಗಳ ಧ್ವನಿವರ್ಧಕಗಳು ಬೆಳಗಿನ ತನಕ ಮೊರೆಯುತ್ತವೆ. ಇವೆರಡನ್ನೂ ಸಹಿಸುವ ಕಿವಿಯು ನಾಲ್ವರು ಕೈಯಾರೆ ನುಡಿಸುವುದನ್ನು ಮಾತ್ರ ಸಹಿಸದೆಂದರೆ, ದೋಷವು ಕಿವಿಯದಲ್ಲ, ಮನಸ್ಸಿನದು. ಧ್ವನಿಯನ್ನು ಹೆಚ್ಚಿಸಬೇಕೆಂಬ ಹಂಬಲವಾದರೂ ಹೊಸತಲ್ಲ. ತಿರುಮಕೂಡಲಿನ ಚೌಡಯ್ಯನವರು (೧೮೯೫–೧೯೬೭) ಪಿಟೀಲಿನ ನಾಲ್ಕು ತಂತಿಗಳಿಗೆ ಮೂರನ್ನು ಸೇರಿಸಿ ಏಳು ಮಾಡಿದುದು ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ನಾದವು ತಲಪಲೆಂದಲ್ಲವೆ?

ಆದರೂ ಸತ್ಯವನ್ನು ಮರೆಮಾಡತಕ್ಕದ್ದಲ್ಲ. ವಿದ್ಯುಚ್ಛಕ್ತಿಯಿಂದ ಹಿಗ್ಗಿದ ಧ್ವನಿಯು ಸಣ್ಣ ಕೋಣೆಯಲ್ಲಿ ಕಿವಿಗೆ ಅಪಾಯಕರವಾಗಬಲ್ಲದು. ಇದಕ್ಕೋಸ್ಕರವೇ ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಲ್ಲಿ ಸಂಗೀತದ ಸ್ಥಳಗಳಿಗೆ ಸರಾಸರಿ ೧೦೦ ಡೆಸಿಬೆಲ್ಲಿನ ಮಿತಿಯನ್ನು ಸೂಚಿಸಿತು. ಧ್ವನಿಯನ್ನು ಅಳೆಯುವ ಯಂತ್ರವನ್ನಿಡಬೇಕೆಂದೂ, ಕಿವಿಗೆ ವಿಶ್ರಾಂತಿ ಕೊಡುವ ನಿಶ್ಶಬ್ದದ ಎಡೆಯೊಂದಿರಬೇಕೆಂದೂ ಹೇಳಿತು. ಭಾರತದ ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ ೧೦ರಿಂದ ಬೆಳಿಗ್ಗೆ ೬ರವರೆಗೆ ಬಯಲಿನಲ್ಲಿ ಧ್ವನಿವರ್ಧಕಗಳನ್ನು ನಿಷೇಧಿಸಿ, ವಸತಿಯ ಪ್ರದೇಶಕ್ಕೆ ಹಗಲಿನಲ್ಲಿ ೫೫, ರಾತ್ರಿಯಲ್ಲಿ ೪೫ ಡೆಸಿಬೆಲ್ಲನ್ನು ಗೊತ್ತುಮಾಡಿವೆ. ಅಳತೆಯುಳ್ಳ ದೋಷಕ್ಕೆ ಅಳತೆಯೇ ಪರಿಹಾರ; ಬಹಿಷ್ಕಾರವು ಪರಿಹಾರವಲ್ಲ.

ಮೂರನೆಯ ಆಕ್ಷೇಪವು ಅಸಭ್ಯತೆಯದು. ಕೂದಲು ಕೆದರಿ ಕುಣಿಯುತ್ತಾರೆ, ಕೂಗುತ್ತಾರೆ, ಹಾಡಿನಲ್ಲಿ ಬೈಗುಳವಿದೆ ಎಂದು ಹೇಳುವವರು ದೂರ ಹೋಗಬೇಕಾದುದಿಲ್ಲ. ತಿತಿಮತಿಗೆ ಸಮೀಪದ ದೇವರಪುರಕ್ಕೆ ಮೇ ತಿಂಗಳಿನಲ್ಲಿ ಹೋಗಿ ನೋಡಬಹುದು. ಅಲ್ಲಿ ನಡೆಯುವ ಕುಂಡೆಹಬ್ಬದಲ್ಲಿ ಜೇನುಕುರುಬ ಮೊದಲಾದ ಗಿರಿಜನರು ಹೆಣ್ಣುವೇಷ ಧರಿಸಿ, ಸೋರೆಬುರುಡೆಯನ್ನೂ ಖಾಲಿ ಡಬ್ಬಗಳನ್ನೂ ಬಾರಿಸುತ್ತ, ದೇವರನ್ನೇ ಬೈದು ಹಾಡುತ್ತಾರೆ. ಬೇಟೆಗೆ ಕರೆದುಕೊಂಡು ಹೋದ ಅಯ್ಯಪ್ಪನು ಕಾಡಿನ ನಡುವೆ ತಮ್ಮನ್ನು ಕೈಬಿಟ್ಟು ಭದ್ರಕಾಳಿಯೊಡನೆ ಹೊರಟುಹೋದನೆಂಬುದು ಅವರ ದೂರು. ವರ್ಷವಿಡೀ ತೋಟದಲ್ಲಿ ಬಗ್ಗಿ ದುಡಿದವನಿಗೆ ಆ ಒಂದು ದಿನ ಸ್ವಾಮಿಯನ್ನೂ ಬೈಯುವ ಅಧಿಕಾರವುಂಟು. ದೇವರು ಅದನ್ನು ಕೇಳಿಕೊಂಡಿದ್ದಾನೆ. ಇದನ್ನು ಸಂಸ್ಕೃತಿಯೆಂದು ಕರೆದು ಚಿತ್ರ ತೆಗೆದುಕೊಳ್ಳುವ ಗೃಹಸ್ಥರು, ಓದಿದ ಹುಡುಗನು ತನ್ನ ಬೇಗುದಿಯನ್ನು ಗಿಟಾರಿನ ಮೇಲೆ ಹೊರಗೆಡಹಿದರೆ ಅದನ್ನು ಅಸಭ್ಯವೆಂದು ಕರೆಯುವುದು ಹೇಗೆ? ಕೊಡವರ ಮಂದ್‌ಗಳಲ್ಲಿಯೂ ಹಾಡುವವನಿಗೂ ಕೇಳುವವನಿಗೂ ನಡುವೆ ಗೋಡೆಯಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ೧೯೨೪ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿ ಉಳಿಸಿದ ಹಾಡುಗಳೆಲ್ಲ ಮೊದಲು ದುಡಿ ಹಿಡಿದ ನಾಲ್ವರ ಬಾಯಿಯಲ್ಲಿ, ಎದುರಿಗೆ ನೆರೆದ ಊರಿನವರ ಕಿವಿಯಲ್ಲಿ ಬದುಕಿದುವು.

ಇನ್ನು ನಾಲ್ಕನೆಯದು. ಬೆಂಗಳೂರಿನಲ್ಲಿ ರಾಕ್ ಕಛೇರಿಗಳು ಬಹುಮಟ್ಟಿಗೆ ಮದ್ಯ ಮಾರುವ ಸ್ಥಳಗಳಲ್ಲಿಯೇ ನಡೆಯುತ್ತವೆಂಬುದು ನಿಜ. ಏಕೆ? ಸಂಗೀತಕ್ಕೂ ಮದ್ಯಕ್ಕೂ ಸಹಜಸಂಬಂಧವುಂಟೆಂದಲ್ಲ. ಲಿವರ್‌ಪೂಲ್ ನಗರದ ‘ಕ್ಯಾವರ್ನ್’ ಎಂಬ ನೆಲಮಾಳಿಗೆಯಲ್ಲಿ ‘ಬೀಟಲ್ಸ್’ ತಂಡವು ೧೯೬೧ರಿಂದ ೧೯೬೩ರವರೆಗೆ ಇನ್ನೂರಕ್ಕೂ ಹೆಚ್ಚು ಸಲ ನುಡಿಸಿತು. ಆ ಕಾಲದಲ್ಲಿ ಅಲ್ಲಿ ಮದ್ಯದ ಪರವಾನಗಿಯೇ ಇರಲಿಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕಛೇರಿಗಳಿಂದಲೂ ಅಂಗಡಿಗಳಿಂದಲೂ ಹುಡುಗ ಹುಡುಗಿಯರು ಬಂದು, ಕಾಫಿ ಕುಡಿದು, ಹಾಡು ಕೇಳಿ, ಕೆಲಸಕ್ಕೆ ಹಿಂದಿರುಗುತ್ತಿದ್ದರು. ಲೋಕವನ್ನೇ ಮರುಳುಮಾಡಿದ ತಂಡವೊಂದು ಹದಗೊಂಡುದು ಅಂಥ ಕೋಣೆಯಲ್ಲಿ.

ಇಲ್ಲಿಯಾದರೋ ಆ ಕೋಣೆಯನ್ನು ಯಾರು ಕೊಟ್ಟರು? ದೇವಾಲಯವು ಕೊಡಲಿಲ್ಲ, ಶಾಲೆಯು ಕೊಡಲಿಲ್ಲ, ಸಾಹಿತ್ಯಸಂಘವು ಕೊಡಲಿಲ್ಲ, ಸಮುದಾಯಭವನವು ಮದುವೆಯ ಬಾಡಿಗೆಗಲ್ಲದೆ ಬಾಗಿಲು ತೆರೆಯಲಿಲ್ಲ. ಕೊಟ್ಟವನು ಮದ್ಯದ ವ್ಯಾಪಾರಿಯೊಬ್ಬನೇ. ಸಭ್ಯರೆಲ್ಲರೂ ಬಾಗಿಲು ಮುಚ್ಚಿದ ಮೇಲೆ, ತೆರೆದಿದ್ದ ಒಂದೇ ಮನೆಗೆ ಹೋದ ಅತಿಥಿಯನ್ನು ‘ಆ ಮನೆಗೆ ಹೋದೆಯಲ್ಲ’ ಎಂದು ಬೈಯುವುದು ಎಂಥ ಆತಿಥ್ಯ?

ಸರ್ಕಾರವೂ ಈ ವಿಷಯದಲ್ಲಿ ವಿವೇಚನೆ ತೋರಲಿಲ್ಲ. ಬೆಂಗಳೂರಿನ ಸಾರ್ವಜನಿಕ ಮನೋರಂಜನಸ್ಥಳಗಳನ್ನು ಕುರಿತು ೨೦೦೫ರಲ್ಲಿ ಹೊರಟ ಆಜ್ಞೆಯು ವಾದ್ಯತಂಡವನ್ನೂ ಕ್ಯಾಬರೆ ನೃತ್ಯವನ್ನೂ ಡಿಸ್ಕೊಥೆಕ್ಕನ್ನೂ ಒಂದೇ ಹಗ್ಗದಲ್ಲಿ ಕಟ್ಟಿತು. ೨೦೧೮ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿದ ಮೇಲೆ, ಅದೇ ವರ್ಷ ಪೊಲೀಸಿನವರು ಪರವಾನಗಿಯಿಲ್ಲದ ಸ್ಥಳಗಳಲ್ಲಿ ಸಂಗೀತವನ್ನು ನಿಲ್ಲಿಸಿದರು. ಮದ್ಯವು ನಿಲ್ಲಲಿಲ್ಲ, ಹಾಡು ನಿಂತಿತು. ಇಂದಿರಾನಗರದಲ್ಲಿ ೨೦೧೩ರಲ್ಲಿ ತೆರೆದು ಅನೇಕ ತಂಡಗಳಿಗೆ ಎಡೆಯಿತ್ತ ‘ಹಮ್ಮಿಂಗ್ ಟ್ರೀ’ ೨೦೧೯ರಲ್ಲಿ ಮುಚ್ಚಿತು. ವ್ಯಾಪಾರದ ಆಶ್ರಯದಲ್ಲಿ ಬದುಕುವ ಕಲೆಗೆ ವ್ಯಾಪಾರದ ಆಯುಸ್ಸಿಗಿಂತ ಹೆಚ್ಚಿನ ಆಯುಸ್ಸಿಲ್ಲ.

ಹಿಂದಿನವರು ಹೀಗೆ ಮಾಡಲಿಲ್ಲ. ಬೆಂಗಳೂರಿನಲ್ಲಿ ಗಾಯನಸಮಾಜವು ೧೯೦೫ರಲ್ಲಿ ಸ್ಥಾಪಿತವಾಯಿತು. ಚೌಡಯ್ಯನವರ ಗುರುಗಳಾದ ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ರಾಮಮಂದಿರವನ್ನೇ ಕಟ್ಟಿ ವಿದ್ವಾಂಸರಿಗೆ ಹಾಡಲು ಎಡೆಮಾಡಿದರು. ೧೯೩೯ರಲ್ಲಿ ಶ್ರೀರಾಮಸೇವಾ ಮಂಡಲಿಯು ರಾಮನವಮಿಯ ಕಛೇರಿಗಳನ್ನು ಪ್ರಾರಂಭಿಸಿತು. ಅರಮನೆಯ ಸಂಗೀತವು ಗೃಹಸ್ಥರ ಸಂಗೀತವಾದುದು ಗೃಹಸ್ಥರು ಎಡೆಯನ್ನೂ ಕಾಣಿಕೆಯನ್ನೂ ಕೊಟ್ಟುದರಿಂದ. ಆ ಔದಾರ್ಯದ ಫಲವನ್ನು ಉಂಡವರ ಮಕ್ಕಳು, ಮೊಮ್ಮಕ್ಕಳ ಸಂಗೀತಕ್ಕೆ ಒಂದು ಚಾಪೆಯನ್ನೂ ಹಾಸಲಾರರೆ?

ಕೊಡಗಿಗೆ ಇಂಥ ಸಂಗೀತವು ಬಾರದೆ ಇಲ್ಲ. ೨೦೧೨ರಲ್ಲಿ ‘ಸ್ಟಾರ್ಮ್’ ಎಂಬ ಉತ್ಸವವು ಇದೇ ಜಿಲ್ಲೆಯಲ್ಲಿ ಡೇರೆ ಹೂಡಿ ನಡೆಯಿತು. ಉತ್ಸವ ಮುಗಿಯಿತು, ಡೇರೆಗಳನ್ನು ಮಡಿಸಿದರು. ಊರಿನ ಹುಡುಗನಿಗೆ ಹತ್ತುವುದಕ್ಕೊಂದು ವೇದಿಕೆ ಉಳಿಯಲಿಲ್ಲ. ಈಗ ಅವನು ಕೇಳಬೇಕಾದರೂ ನುಡಿಸಬೇಕಾದರೂ ದೂರದ ನಗರಕ್ಕೆ ಹೋಗಬೇಕು. ವಯಸ್ಸು ತುಂಬದಿದ್ದರೆ ಮದ್ಯದಂಗಡಿಯ ಬಾಗಿಲಿನಿಂದಲೇ ಹಿಂದಿರುಗಬೇಕು. ಕಡೆಯ ಬಸ್ಸು ತಪ್ಪಿದರೆ, ಕಾಡಾನೆಗಳು ಅಡ್ಡಾಡುವ ಆನೆಚೌಕೂರಿನ ರಸ್ತೆಯಲ್ಲಿ ಕತ್ತಲೆಯಲ್ಲಿ ಬೈಕಿನ ಮೇಲೆ ಬರಬೇಕು. ಮಗನು ಮನೆ ಸೇರುವ ತನಕ ಎಚ್ಚರವಾಗಿರುವ ತಾಯಿಯ ಕಳವಳಕ್ಕೆ ಕಾರಣವು ಗಿಟಾರಲ್ಲ; ಊರಿನೊಳಗೆ ಬೀಗ ಹಾಕಿಕೊಂಡು ಬಿದ್ದಿರುವ ಸಭಾಗೃಹ.

ಮಾಡಬೇಕಾದುದು ಬಹಳವಿಲ್ಲ. ತಿಂಗಳಿಗೊಂದು ಶನಿವಾರ, ಜಿಲ್ಲೆಯ ಯಾವುದಾದರೊಂದು ಸಂಘದ ಇಲ್ಲವೆ ಸಮುದಾಯದ ಸಭಾಗೃಹವು ಸಂಜೆ ೬ರಿಂದ ೯ರವರೆಗೆ ಇಂಥ ತಂಡಗಳಿಗೆ ತೆರೆದಿರಲಿ. ಮದ್ಯವು ಬೇಡ, ಕೊಡಗಿನಲ್ಲಿ ಕಾಫಿಗೇನೂ ಬರವಿಲ್ಲ. ಧ್ವನಿಯ ಅಳತೆ ಇರಲಿ. ಕಿಟಕಿಗಳಿಗೆ ದಪ್ಪನೆಯ ಪರದೆ ಇರಲಿ. ಪ್ರವೇಶಧನವು ನುಡಿಸುವವರಿಗೇ ಸೇರಲಿ. ಇತರರ ಹಾಡುಗಳನ್ನು ಅನುಕರಿಸುವುದರ ಜೊತೆಗೆ ಪ್ರತಿಯೊಂದು ತಂಡವೂ ಸ್ವಂತದ ಒಂದು ಹಾಡನ್ನಾದರೂ, ಕನ್ನಡದಲ್ಲಿಯೋ ಕೊಡವ ತಕ್ಕ್‌ನಲ್ಲಿಯೋ, ಹಾಡಲೆಂಬ ನಿಯಮವಿರಲಿ. ಒಂದು ಸಂಜೆ ದುಡಿಯವರು ಮೊದಲು ಹಾಡಲಿ, ಗಿಟಾರಿನವರು ಆಮೇಲೆ ಹಾಡಲಿ. ಹಿರಿಯರು ಹಿಂದಿನ ಸಾಲಿನಲ್ಲಿ ಕುಳಿತು ಕೇಳಲಿ. ಹಿಡಿಸದಿದ್ದರೆ ಎದ್ದು ಹೋಗಲಿ. ಕೇಳಿದ ಮೇಲೆ ಬೈದರೆ ಅದು ವಿಮರ್ಶೆಯಾಗುತ್ತದೆ. ಕೇಳದೆ ಬೈದರೆ ಅದು ಬೈಗುಳವಾಗಿಯೇ ಉಳಿಯುತ್ತದೆ.

ಸಭಾಗೃಹಗಳ ಬೀಗದ ಕೈ ಹಿರಿಯರ ಸೊಂಟದಲ್ಲಿದೆ. ಅದನ್ನು ತಿರುಗಿಸಲೊಲ್ಲದವರು, ಮಕ್ಕಳು ಎಲ್ಲಿಗೆ ಹೋದರೆಂದು ಕೇಳುವ ಹಕ್ಕನ್ನು ಕಳೆದುಕೊಳ್ಳುತ್ತಾರೆ.