ಗುಂಡಿಯ ಸುತ್ತ ಲೇಸಿನ ಹೂವು

ನಿಮ್ಮ ಹೊಲಿಗೆ ಡಬ್ಬಿಯನ್ನೊಮ್ಮೆ ತೆರೆದು ನೋಡಿ. ಹಳೆಯ ಶೇರ್ವಾನಿಯಿಂದ ಬಿಚ್ಚಿಟ್ಟ ಹಿತ್ತಾಳೆ ಗುಂಡಿ, ಮಗುವಿನ ಸ್ವೆಟರಿನ ಕೆಂಪು ಗುಂಡಿ, ಜೊತೆ ತಪ್ಪಿದ ಚಿಪ್ಪಿನ ಗುಂಡಿ... ಎಂದಾದರೂ ಬೇಕಾದೀತೆಂದು ತೆಗೆದಿಟ್ಟದ್ದು ವರ್ಷಗಟ್ಟಲೆ ಅಲ್ಲೇ ಬಿದ್ದಿರುತ್ತದೆ. ಈ ಸಲ ಅವುಗಳಿಗೆ ಕೆಲಸ ಕೊಡೋಣ. ದಾರದಲ್ಲಿ ಲೇಸ್ ಹೆಣೆದು, ನಡುವೆ ಗುಂಡಿ ಕೂರಿಸಿ, ಕಿವಿಯೋಲೆ ಮಾಡುವುದನ್ನು ಕಲಿಯೋಣ. ಕೊನೆಯಲ್ಲಿ ಅದಕ್ಕೆ ಬೆಲೆ ಕಟ್ಟುವ ಮಾತೂ ಇದೆ. ಅದನ್ನು ಓದದೆ ಪುಟ ತಿರುಗಿಸಬೇಡಿ!

ಗಂಟುಗಳ ಲೇಸು

ಕ್ರೋಶಾ ನಿಮಗೆ ಗೊತ್ತೇ ಇದೆ. ಕುಣಿಕೆಯೊಳಗಿಂದ ಕುಣಿಕೆ ಎಳೆಯುವ ಕೆಲಸ ಅದು. ತುದಿ ಹಿಡಿದು ಎಳೆದರೆ ಇಡೀ ಹೆಣಿಗೆ ಬಿಚ್ಚಿಕೊಳ್ಳುತ್ತದೆ. ಟ್ಯಾಟಿಂಗ್ ಹಾಗಲ್ಲ. ಅಂಗೈಯೊಳಗೆ ಅಡಗುವ, ದೋಣಿಯಾಕಾರದ ಪುಟ್ಟ ಲಾಳಿಯಿಂದ ಒಂದೊಂದೇ ಗಂಟು ಹಾಕುತ್ತಾ ಹೋಗುವುದು ಇದರ ರೀತಿ. ಬಿದ್ದ ಗಂಟು ಸುಲಭಕ್ಕೆ ಬಿಚ್ಚುವುದಿಲ್ಲ. ಅದಕ್ಕೇ ದಿನವೂ ಹಾಕಿ ತೆಗೆಯುವ ಒಡವೆಗೆ ಇದು ಚೆನ್ನಾಗಿ ಒಗ್ಗುತ್ತದೆ. ತುರ್ಕಿಯ ಹೆಂಗಸರು ತಲೆವಸ್ತ್ರದ ಅಂಚಿಗೆ 'ಓಯಾ' ಎಂಬ ಲೇಸ್ ಕಟ್ಟುತ್ತಾರೆ. ಅದರಲ್ಲಿ ಒಂದು ಬಗೆ ಇದೇ ಲಾಳಿಯ ಕೆಲಸ. ನಮ್ಮಲ್ಲಿ ಕರವಸ್ತ್ರ ಮತ್ತು ದಿಂಬಿನ ಚೀಲಗಳ ಅಂಚಿನಲ್ಲಿ ಇದನ್ನು ನೀವು ಕಂಡಿರಬಹುದು.

ಬೇಕಾಗುವ ಸಾಮಗ್ರಿ

* ಟ್ಯಾಟಿಂಗ್ ಲಾಳಿ 1 (ಸಿಗದಿದ್ದರೆ ದಪ್ಪ ರಟ್ಟಿನ ತುಂಡಿಗೆ ದಾರ ಸುತ್ತಿಕೊಂಡರೂ ಕಲಿಯಲು ಸಾಕು)
* ಹತ್ತಿಯ ಕ್ರೋಶಾ ದಾರ, 10ನೇ ನಂಬರ್ (ನಂಬರ್ ಹೆಚ್ಚಿದಷ್ಟೂ ದಾರ ತೆಳು)
* ಶರ್ಟಿನ ಗುಂಡಿಯಷ್ಟು, ಅಂದರೆ 11-12 ಮಿ.ಮೀ. ಅಗಲದ ಗುಂಡಿ 2
* ತೆಳುವಾದ ಕ್ರೋಶಾ ಕೊಕ್ಕೆ, ಸೂಜಿ, ಕತ್ತರಿ
* ಓಲೆಯ ಕೊಕ್ಕೆ 1 ಜೊತೆ, ತಂತಿಯ ಪುಟ್ಟ ಬಳೆ 2

ಗುಂಡಿಗಾಗಿ ದೂರ ಹೋಗಬೇಕಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಎಲ್ಲವೂ ತೆಂಗಿನ ಸೀಮೆ. ಬಲಿತ ಕಾಯಿಯ ಚಿಪ್ಪನ್ನು ಸಣ್ಣ ಗರಗಸದಿಂದ ಕತ್ತರಿಸಿ, ಉಪ್ಪುಕಾಗದದಿಂದ ಉಜ್ಜಿ, ಕೈಡ್ರಿಲ್‌ನಿಂದ ಎರಡು ತೂತು ಕೊರೆದು, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಕಾಫಿ ಬಣ್ಣದ ಹೊಳೆಯುವ ಗುಂಡಿ ಸಿದ್ಧ! ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬಣ್ಣದ ಮರದ ಮಣಿ ಬೇಕೆನ್ನುವ ಕುಣಿಗಲ್ಲಿನವರಿಗೆ ಚನ್ನಪಟ್ಟಣವಿದೆ. ಅಲ್ಲಿನ ಕುಶಲಕರ್ಮಿಗಳು ಅರಗಿನ ಬಣ್ಣ ಕೊಟ್ಟು ಕಡೆಯುವ ಮಣಿಗಳು ಲೇಸಿನೊಂದಿಗೆ ಬಹಳ ಸೊಗಸಾಗಿ ಕಾಣುತ್ತವೆ.

ಮಾಡುವ ವಿಧಾನ

1. ಲಾಳಿಗೆ ಸುಮಾರು ಮೂರು ಮೀಟರ್ ದಾರ ಸುತ್ತಿ. ದಾರದ ತುದಿಯನ್ನು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು, ಉಳಿದ ಬೆರಳುಗಳ ಸುತ್ತ ಒಂದು ಸುತ್ತು ತಂದು ಮತ್ತೆ ಅಲ್ಲಿಯೇ ಒತ್ತಿ ಹಿಡಿಯಿರಿ.

2. ಲಾಳಿಯನ್ನು ಬೆರಳ ಮೇಲಿನ ದಾರದ ಕೆಳಗಿಂದ ತೂರಿಸಿ ಮೇಲಿನಿಂದ ಹಿಂದಕ್ಕೆ ತನ್ನಿ. ಇದು ಅರೆಗಂಟು. ಬಳಿಕ ಮೇಲಿನಿಂದ ಹೋಗಿ ಕೆಳಗಿನಿಂದ ಹಿಂದಕ್ಕೆ ತನ್ನಿ. ಎರಡೂ ಸೇರಿದರೆ ಒಂದು ಜೋಡಿ ಗಂಟು.

3. ಇಡೀ ಕಲೆಯ ಗುಟ್ಟು ಇಲ್ಲಿದೆ. ಗಂಟು ಬಿಗಿಯುವಾಗ ಬೆರಳ ದಾರವನ್ನು ಸಡಿಲ ಬಿಟ್ಟು ಲಾಳಿಯ ದಾರವನ್ನು ನೆಟ್ಟಗೆ ಎಳೆಯಿರಿ. ಆಗ ಗಂಟು ಲಾಳಿಯ ದಾರದಿಂದ ಬೆರಳ ದಾರಕ್ಕೆ ಹಾರುತ್ತದೆ. ಗಂಟುಗಳು ದಾರದ ಮೇಲೆ ಅತ್ತಿತ್ತ ಜಾರಿದರೆ ಸರಿ. ಜಾರದಿದ್ದರೆ ಉಂಗುರ ಮುಚ್ಚಿಕೊಳ್ಳುವುದಿಲ್ಲ. ಮೊದಲೆರಡು ದಿನ ಇದನ್ನಷ್ಟೇ ರೂಢಿ ಮಾಡಿ. ಬೇಸರ ಬೇಡ.

4. ಈಗ 5 ಜೋಡಿ ಗಂಟು ಹಾಕಿ, ಸ್ವಲ್ಪ ದಾರ ಬಿಟ್ಟು ಮುಂದಿನ ಗಂಟು ಹಾಕಿ ಒತ್ತಿದರೆ ನಡುವೆ ಒಂದು ಪುಟ್ಟ ಕುಣಿಕೆ ಏಳುತ್ತದೆ. ಹೀಗೆ 5 ಗಂಟು, ಕುಣಿಕೆ, 5 ಗಂಟು, ಕುಣಿಕೆ, 5 ಗಂಟು, ಕುಣಿಕೆ, 5 ಗಂಟು ಮುಗಿಸಿ ಲಾಳಿಯ ದಾರ ಎಳೆಯಿರಿ. ಒಂದು ಎಸಳು ಆಯಿತು.

5. ಸುಮಾರು 3 ಮಿ.ಮೀ. ದಾರ ಖಾಲಿ ಬಿಟ್ಟು ಎರಡನೇ ಎಸಳು ಆರಂಭಿಸಿ. 5 ಗಂಟಾದ ಮೇಲೆ ಕುಣಿಕೆ ಮಾಡುವ ಬದಲು, ಹಿಂದಿನ ಎಸಳಿನ ಕೊನೆಯ ಕುಣಿಕೆಯೊಳಗಿಂದ ಬೆರಳ ದಾರವನ್ನು ಕೊಕ್ಕೆಯಿಂದ ಎಳೆದು, ಆ ಸುರುಳಿಯಲ್ಲಿ ಲಾಳಿ ತೂರಿಸಿ ಜೋಡಿಸಿ. ಉಳಿದದ್ದು ಮೊದಲಿನಂತೆ. ಒಟ್ಟು ಆರು ಎಸಳು ಮಾಡಿ, ಆರನೆಯದನ್ನು ಮೊದಲನೆಯದಕ್ಕೆ ಸೂಜಿದಾರದಿಂದ ಕೂಡಿಸಿ. ತುದಿಗಳನ್ನು ಗಂಟು ಹಾಕಿ ಹಿಂಬದಿಗೆ ಹೊಲಿಯಿರಿ.

6. ಹೂವಿನ ನಡುವೆ ಗುಂಡಿ ಇಟ್ಟು, ಒಳಗಿನ ಖಾಲಿ ದಾರಗಳನ್ನು ಸೇರಿಸಿ ತೂತುಗಳ ಮೂಲಕ ಹೊಲಿಯಿರಿ. ಒಂದು ಎಸಳಿನ ತುದಿಯ ಕುಣಿಕೆಗೆ ತಂತಿಬಳೆ, ಅದಕ್ಕೆ ಓಲೆಯ ಕೊಕ್ಕೆ. ದೊಡ್ಡ ಶೇರ್ವಾನಿ ಗುಂಡಿಯಾದರೆ ಎಸಳುಗಳನ್ನು ಎಂಟಕ್ಕೆ ಏರಿಸಿ, ಖಾಲಿ ದಾರವನ್ನೂ ಸ್ವಲ್ಪ ಉದ್ದ ಬಿಡಿ. ಸರಕ್ಕೊಂದು ಪದಕವಾಗುತ್ತದೆ.

ಕೆಲವು ಎಚ್ಚರಿಕೆಗಳು: ಬಣ್ಣದ ದಾರವನ್ನು ಮೊದಲು ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ದುಪಟ್ಟಾ ಹಾಳು! ಲೇಸ್ ಗಟ್ಟಿಯಾಗಿ ನಿಲ್ಲಲು ತೆಳು ಗಂಜಿ ಸಾಕು. ಆದರೆ ಗಂಜಿಗೆ ಜಿರಲೆ ಬರುತ್ತದೆ, ಡಬ್ಬಿಯಲ್ಲಿ ಮುಚ್ಚಿಡಿ. ಅಗ್ಗದ ಕೊಕ್ಕೆಯಲ್ಲಿರುವ ನಿಕ್ಕಲ್ ಕೆಲವರ ಕಿವಿಗೆ ತುರಿಕೆ ತರುತ್ತದೆ. ಸರ್ಜಿಕಲ್ ಸ್ಟೀಲ್ ಕೊಕ್ಕೆ ವಾಸಿ. ಗುಂಡಿಗಳು ಪುಟ್ಟ ಮಕ್ಕಳ ಬಾಯಿಗೆ ಸಿಗದಿರಲಿ. ಭಾರದ ಝುಮ್ಕಿಯಿಂದ ಕಿವಿಯ ತೂತು ಇಳಿಬಿದ್ದವರಿಗೆ ಈ ಹಗುರ ಓಲೆ ಬಹಳ ಹಿತ.

ಬೆಲೆ ಎಷ್ಟು?

ಓಲೆ ನೋಡಿದ ನೆರೆಯವರು ಕೇಳುತ್ತಾರೆ: "ನನಗೂ ಒಂದು ಜೊತೆ ಮಾಡಿಕೊಡಿ. ದಾರದ ದುಡ್ಡು ಕೊಡುತ್ತೇನೆ." ಇಲ್ಲಿ ಸ್ವಲ್ಪ ನಿಲ್ಲಿ.

ಒಂದು ಹೂವಿಗೆ ಆರು ಎಸಳು, ಎಸಳಿಗೆ 20 ಜೋಡಿ ಗಂಟು. ಒಂದು ಜೊತೆ ಓಲೆಗೆ 240 ಜೋಡಿ ಗಂಟು, ಅಂದರೆ 480 ಸಲ ಲಾಳಿ ಹೋಗಿ ಬಂದಿದೆ. ಇದನ್ನು 'ಟೈಂಪಾಸ್' ಎನ್ನಬಹುದೇ?

ಆಂಧ್ರದ ಪಶ್ಚಿಮ ಗೋದಾವರಿಯ ನರಸಾಪುರದಲ್ಲಿ ತಲೆಮಾರುಗಳಿಂದ ಹೆಂಗಸರು ಮನೆಯಲ್ಲೇ ಕ್ರೋಶಾ ಲೇಸ್ ಹೆಣೆಯುತ್ತಾ ಬಂದಿದ್ದಾರೆ. ಆ ಲೇಸ್ ಹೊರದೇಶಗಳಿಗೆ ಹೋಗುತ್ತದೆ. ಜರ್ಮನಿಯ ಮರಿಯಾ ಮೀಸ್ ಅಲ್ಲಿ ಅಧ್ಯಯನ ಮಾಡಿ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರು ಕಂಡದ್ದಿಷ್ಟು: ದಿನವಿಡೀ ದುಡಿದರೂ ಆ ಹೆಂಗಸರನ್ನು ಯಾರೂ ಕೆಲಸಗಾರರೆಂದು ಎಣಿಸಲಿಲ್ಲ. 'ಮನೆಯಲ್ಲಿ ಕುಳಿತ ಗೃಹಿಣಿಯರು ಬಿಡುವಿನಲ್ಲಿ ಮಾಡುತ್ತಾರೆ' ಎಂಬ ಒಂದೇ ಮಾತಿನಿಂದ ಕೂಲಿ ತೀರಾ ಕೆಳಗಿಳಿಯಿತು. ಲಾಭ ವ್ಯಾಪಾರಿಗಳ ಪಾಲಾಯಿತು.

ಈಗ ನಮ್ಮ ತುಮಕೂರಿನ ಬೀಡಿ ಕಟ್ಟುವ ಸಹೋದರಿಯರನ್ನು ನೋಡಿ. ಆ ಕೆಲಸ ಒಳ್ಳೆಯದೆಂದು ಹೇಳುತ್ತಿಲ್ಲ. ತಂಬಾಕಿನ ಧೂಳು ಎದೆಗೆ ಎಷ್ಟು ಕೆಟ್ಟದ್ದೆಂದು ಕಟ್ಟುವವರೇ ಬಲ್ಲರು. ಆದರೆ ಅಲ್ಲಿ ಲೆಕ್ಕವಿದೆ. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು ಮನೆಯಲ್ಲಿ ಕುಳಿತು ಕಟ್ಟುವವಳನ್ನೂ ಕಾರ್ಮಿಕಳೆಂದೇ ಒಪ್ಪಿತ್ತು. ನಮ್ಮ ಲೇಸಿಗೆ ಅಂಥ ಕಾಯ್ದೆ ಇಲ್ಲ. ಲೆಕ್ಕ ನಾವೇ ಇಡಬೇಕು.

ಒಂದು ಪುಸ್ತಕದಲ್ಲಿ ಆರಂಭಿಸಿದ ಹೊತ್ತು, ಮುಗಿಸಿದ ಹೊತ್ತು ಬರೆಯಿರಿ. ಉದಾಹರಣೆಗೆ, ಒಂದು ಜೊತೆಗೆ ಎರಡು ಗಂಟೆ, ಗಂಟೆಗೆ 60 ರೂಪಾಯಿ, ದಾರ ಮತ್ತು ಕೊಕ್ಕೆಗೆ 25 ರೂಪಾಯಿ ಎಂದಿಟ್ಟುಕೊಳ್ಳಿ. 145 ರೂಪಾಯಿ ಆಯಿತು. ಸಾಮಗ್ರಿ ತರಲು ಹೋದ ಹೊತ್ತನ್ನೂ ಮರೆಯಬೇಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಸರ್ಕಾರಿ ಬಸ್ಸಿನ ಟಿಕೆಟ್ ಉಚಿತವಿರಬಹುದು, ನಮ್ಮ ಹೊತ್ತು ಉಚಿತವಲ್ಲ. ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ನಾಲ್ಕು ಮಂದಿ ಮಾಡುತ್ತಿದ್ದರೆ ಸೇರಿ ಒಂದೇ ಬೆಲೆ ಇಡಿ. ಒಬ್ಬಳು 50ಕ್ಕೆ ಕೊಟ್ಟರೆ ಉಳಿದ ಮೂವರೂ ಅಲ್ಲಿಗೇ ಇಳಿಯಬೇಕಾಗುತ್ತದೆ.

ತಂಗಿಗೆ, ನಾದಿನಿಗೆ ಈದ್‌ಗೆಂದು ಕೊಡುವುದಾದರೆ ಮನಸಾರೆ ಉಡುಗೊರೆಯಾಗಿಯೇ ಕೊಡಿ. ಮಾರುವುದಾದರೆ ಸರಿಯಾದ ಬೆಲೆಗೆ ಮಾರಿ. ಎರಡರ ನಡುವಿನ ಅರೆಬೆಲೆ ಮಾತ್ರ ಬೇಡ. ಮೊದಲ ಜೊತೆ ನಿಮ್ಮ ಕಿವಿಯಲ್ಲೇ ಇರಲಿ. ಕೇಳಿದವರಿಗೆ ಬೆಲೆ ಹೇಳುವಾಗ ಧ್ವನಿ ತಗ್ಗಿಸಬೇಡಿ.