ಒಂದೂವರೆ ಗಂಟೆಯ ಮಂಗಳೂರು

ಹೈದರಾಬಾದಿನಿಂದ ಮಂಗಳೂರು ಎಷ್ಟು ದೂರ ಎಂದು ಕೇಳಿದರೆ ಈಗ ಯಾರೂ ಕಿಲೋಮೀಟರ್ ಹೇಳುವುದಿಲ್ಲ. ‘ಫ್ಲೈಟಿನಲ್ಲಿ ಒಂದೂವರೆ ಗಂಟೆ’ ಎನ್ನುತ್ತಾರೆ. ಎರಡು ವಿಮಾನ ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 600 ಕಿ.ಮೀ.; ಹಾಗಾಗಿ ಮಾತು ಹೆಚ್ಚುಕಡಿಮೆ ಸರಿ. ಆದರೆ ಅದನ್ನೇ ಪ್ರಯಾಣದ ಲೆಕ್ಕವೆಂದು ಒಪ್ಪಿಕೊಂಡದ್ದರಿಂದ ಕರಾವಳಿಯವರಿಗೆ ಆಗಿರುವ ನಷ್ಟ ಸಣ್ಣದಲ್ಲ.

ಟಿಕೆಟ್ಟಿನ ಮೇಲಿನ ಸಮಯ ವಿಮಾನ ಒಂದು ಕಡೆ ಕದಲಿ ಇನ್ನೊಂದು ಕಡೆ ನಿಲ್ಲುವವರೆಗಿನದು. ಮನುಷ್ಯರ ಪ್ರಯಾಣ ಬೇರೆ. ಮಲ್ಕಾಜ್‌ಗಿರಿಯಿಂದ ಹೊರಡುವವರನ್ನೇ ನೋಡಿ. 2008ರ ಮಾರ್ಚ್‌ವರೆಗೆ ವಿಮಾನಗಳು ಬೇಗಂಪೇಟೆಯಿಂದ ಹಾರುತ್ತಿದ್ದವು. ಸಿಕಂದರಾಬಾದ್ ದಾಟಿದರೆ ಬಂತು. ಈಗ ನಗರದ ಈಶಾನ್ಯದಿಂದ ದಕ್ಷಿಣಕ್ಕೆ, ಶಂಶಾಬಾದಿಗೆ ಹೋಗಬೇಕು. ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಅಲ್ಲೇ ಮುಗಿಯಿತು. ಎರಡು ಗಂಟೆ ಮುಂಚೆ ತಲುಪಿರಬೇಕು. ಅತ್ತ ಬಜ್ಪೆಯಲ್ಲಿ ಇಳಿದು, ಬ್ಯಾಗಿಗೆ ಕಾದು, ಸುಳ್ಯಕ್ಕೋ ಕುಂದಾಪುರಕ್ಕೋ ಮತ್ತೆ ಎರಡು ಗಂಟೆ. ಒಟ್ಟು ಏಳು ಗಂಟೆ ಮೀರುತ್ತದೆ.

‘ಆದರೂ ರೈಲಿಗಿಂತ ಬೇಗ ತಾನೇ?’ ಹೌದು. ಆದರೆ ರೈಲು ಅಷ್ಟು ತಡವೇಕೆ ಎಂಬುದನ್ನು ಯಾರೂ ಕೇಳುವುದಿಲ್ಲ. ಮಲ್ಕಾಜ್‌ಗಿರಿಯಿಂದ ಹತ್ತು ಕಿಲೋಮೀಟರಿನೊಳಗಿರುವ ಕಾಚಿಗುಡದಿಂದ ಮಂಗಳೂರಿಗೆ ನೇರ ರೈಲೊಂದಿದೆ. 2024ರಲ್ಲಿ ಅದು ಮುರುಡೇಶ್ವರದವರೆಗೂ ವಿಸ್ತರಿಸಿತು. ಓಡುವುದು ವಾರಕ್ಕೆ ಎರಡೇ ದಿನ. ಹೋಗುವುದು ಕರ್ನೂಲು, ಕಡಪ, ರೇಣಿಗುಂಟ, ಸೇಲಂ, ಕೊಯಮತ್ತೂರು, ಪಾಲಕ್ಕಾಡ್, ಕೋಝಿಕ್ಕೋಡ್ ಸುತ್ತಿ. ಕರ್ನಾಟಕದ ಊರಿಗೆ ಹೊರಟವರು ಆಂಧ್ರ, ತಮಿಳುನಾಡು, ಕೇರಳ ಮೂರನ್ನೂ ನೋಡಿಕೊಂಡು ಕೊನೆಗೆ ಕರ್ನಾಟಕ ಸೇರುತ್ತಾರೆ. ಹೆಚ್ಚುಕಡಿಮೆ ಒಂದು ದಿನ ಹಿಡಿಯುವುದು ದೂರದಿಂದಲ್ಲ, ಈ ಸುತ್ತಿನಿಂದ.

ಬೆಂಗಳೂರು, ಹಾಸನ, ಸಕಲೇಶಪುರದ ಹಾದಿ ನೂರಾರು ಕಿಲೋಮೀಟರ್ ಹತ್ತಿರ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ 55 ಕಿ.ಮೀ.ನಲ್ಲಿ 57 ಸುರಂಗಗಳಿವೆ, ಏರು ಕಡಿದು, ರೈಲು ನಿಧಾನ, ಮಳೆಗಾಲದಲ್ಲಿ ಗುಡ್ಡ ಜರಿಯುತ್ತದೆ. ನಿಜ. ಆದರೂ ಗೇಜ್ ಪರಿವರ್ತನೆಯ ನಂತರ, 2007ರ ಕೊನೆಯಿಂದ, ಅಲ್ಲಿ ಪ್ರಯಾಣಿಕರ ರೈಲು ಓಡುತ್ತಿದೆ. ಬೆಂಗಳೂರಿನವರಿಗೆ ಸಾಧ್ಯವಾದ ದಾರಿ ಹೈದರಾಬಾದಿನವರಿಗೆ ಮಾತ್ರ ಅಸಾಧ್ಯವೇ? ‘ಬೆಂಗಳೂರಿನಲ್ಲಿ ಗಾಡಿ ಬದಲಿಸಿ’ ಎನ್ನುವವರು ಮಂಡಿನೋವಿನ ಅಮ್ಮ, ಎರಡು ಮಕ್ಕಳು, ನಾಲ್ಕು ಚೀಲದೊಂದಿಗೆ ಒಮ್ಮೆ ಬದಲಿಸಿ ನೋಡಲಿ.

ಹೈದರಾಬಾದಿನ ಉಡುಪಿ ಹೋಟೆಲುಗಳ ಅಡುಗೆಮನೆಯಲ್ಲಿ ದುಡಿಯುವವರಿಗೆ ಊರಿನಿಂದ ಸಾವಿನ ಸುದ್ದಿ ವಾರದ ದಿನ ನೋಡಿಕೊಂಡು ಬರುವುದಿಲ್ಲ. ಅಂದು ರೈಲಿರುವುದಿಲ್ಲ. ಅದೇ ದಿನದ ವಿಮಾನದ ಟಿಕೆಟ್ಟಿನ ಬೆಲೆ ಏರಿ ಕೂತಿರುತ್ತದೆ. ಉಳಿಯುವುದು ರಾತ್ರಿಯಿಡೀ ಸೊಂಟ ಮುರಿಯುವ ಬಸ್ಸು. ಅದು ತಲುಪುವಷ್ಟರಲ್ಲಿ ಚಿತೆ ಆರಿರುತ್ತದೆ. ಅವರ ಪಾಲಿಗೆ ‘ಒಂದೂವರೆ ಗಂಟೆ’ ಬೇರೆಯವರ ದೂರ.

ಈ ಸಂಖ್ಯೆ ಮಾಡುವ ದೊಡ್ಡ ಹಾನಿ ಇದೇ. ದುಡ್ಡಿದ್ದವರ ದೂರ ಮುಗಿದಿದೆ. ಹಾಗಾಗಿ ರೈಲು ಕೇಳಬೇಕಾದ ದೊಡ್ಡ ಗಂಟಲುಗಳು ಸುಮ್ಮನಾಗಿವೆ. ಸಂಘಗಳು ರಾಜ್ಯೋತ್ಸವಕ್ಕೆ ಮಂತ್ರಿಗಳನ್ನು ಕರೆದು ಶಾಲು ಹೊದಿಸುವಾಗ ಬೇಡಿಕೆ ಒಂದೇ ಇರಲಿ: ಘಾಟಿಯ ಹಾದಿಯಲ್ಲಿ ಕಾಚಿಗುಡ–ಮಂಗಳೂರು ದಿನದ ರೈಲು. ಮತ್ತೆ ಯಾರಾದರೂ ‘ಒಂದೂವರೆ ಗಂಟೆ’ ಎಂದರೆ ಕೇಳಬೇಕು: ಯಾರ ಬಾಗಿಲಿನಿಂದ ಯಾರ ಬಾಗಿಲಿಗೆ, ಎಷ್ಟು ರೂಪಾಯಿಗೆ, ವಾರಕ್ಕೆ ಎಷ್ಟು ದಿನ?