ಅನ್ಯಗ್ರಹದವರಿಗೆ ಎರಡೇ ಕೈ ಯಾಕಿರಬೇಕು?

ಹಾಸ್ಟೆಲ್‌ನಲ್ಲಿ ರಾತ್ರಿ ಊಟ ಆದಮೇಲೆ ಶುರುವಾದ ವಾದ ಇದು. ಬೇರೆ ಗ್ರಹದಲ್ಲಿ ಬುದ್ಧಿವಂತ ಜೀವಿಗಳಿದ್ದರೆ ನೋಡೋಕೆ ನಮ್ಮ ಹಾಗೇ ಇರ್ತಾರಾ? ಅರ್ಧ ಜನ ‘ಹೌದು’ ಅಂದ್ರು. ಎಲ್ರೂ ಸಿನಿಮಾ ನೋಡಿ ಬೆಳೆದವರೇ ತಾನೆ! ‘ಕೋಯಿ ಮಿಲ್ ಗಯಾ’ದ ಜಾದೂ ಇರಲಿ, ‘ಅವತಾರ್’ನ ನೀಲಿ ಜನ ಇರಲಿ, ಎಲ್ಲರಿಗೂ ಎರಡು ಕೈ, ಎರಡು ಕಾಲು, ಮೇಲೊಂದು ತಲೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳ ಕಡೆಯಿಂದ ಬಂದ ನಾವು ಮೂರ್ನಾಲ್ಕು ಜನ ಮಾತ್ರ ಒಪ್ಪಲಿಲ್ಲ. ಯಾಕೆ ಅಂತ ಇಲ್ಲಿ ಬರೀತಿದ್ದೀವಿ.

ಮೊದಲು ಎದುರಾಳಿಗಳ ವಾದವನ್ನು ನ್ಯಾಯವಾಗಿ ಹೇಳಿಬಿಡೋಣ. ಭೌತಶಾಸ್ತ್ರದ ನಿಯಮಗಳು ಎಲ್ಲಾ ಗ್ರಹದಲ್ಲೂ ಒಂದೇ. ಹಾಗಾಗಿ ಒಂದೇ ಸಮಸ್ಯೆಗೆ ಪರಿಹಾರಗಳೂ ಒಂದೇ ಥರ ಇರುತ್ತವೆ. ಶಾರ್ಕ್ ಮೀನು, ಡಾಲ್ಫಿನ್ ಸಸ್ತನಿ; ಆದರೂ ಎರಡರ ಮೈಕಟ್ಟು ಒಂದೇ ರೀತಿ, ಯಾಕಂದ್ರೆ ಈಜಬೇಕಾದ ನೀರು ಒಂದೇ. ಹಾಗೆಯೇ ಬುದ್ಧಿವಂತ ಜೀವಿಗೆ ಉಪಕರಣ ಹಿಡಿಯೋಕೆ ಕೈ ಬೇಕು, ಕೈ ಬಿಡುವಾಗಬೇಕಾದ್ರೆ ಎರಡು ಕಾಲ ಮೇಲೆ ನಿಲ್ಲಬೇಕು, ದೂರ ನೋಡೋಕೆ ಕಣ್ಣು ಎತ್ತರದಲ್ಲಿರಬೇಕು. ಲೆಕ್ಕ ಹಾಕಿದ್ರೆ ಮನುಷ್ಯನೇ ಬರ್ತಾನೆ! ಕೇಂಬ್ರಿಜ್‌ನ ಪಳೆಯುಳಿಕೆ ತಜ್ಞ ಸೈಮನ್ ಕಾನ್ವೇ ಮಾರಿಸ್ ಅವರ ವಾದದ ದಾರಿಯೂ ಹೆಚ್ಚುಕಡಿಮೆ ಇದೇ.

ಈಗ ನಮ್ಮೂರಿನ ಕಡೆ ಬನ್ನಿ. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಹಾರುವ ಓತಿ ಗೊತ್ತು. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಹಾರುಬೆಕ್ಕೂ ಇದೆ, ಹಾರುವ ಕಪ್ಪೆಯೂ ಇದೆ. ಮೂರಕ್ಕೂ ಇರೋ ಸಮಸ್ಯೆ ಒಂದೇ: ಎತ್ತರದ ಮರದಿಂದ ಹಾರಿದರೆ ಧೊಪ್ಪನೆ ಬೀಳಬಾರದು. ಉಪಾಯವೂ ಒಂದೇ: ಮೈ ಅಗಲ ಮಾಡಿಕೊಂಡು ಗಾಳಿಯಲ್ಲಿ ತೇಲುವುದು. ಆದ್ರೆ ಓತಿ ತನ್ನ ಪಕ್ಕೆಲುಬುಗಳನ್ನೇ ಕೊಡೆಯ ಕಡ್ಡಿ ಥರ ಬಿಚ್ಚುತ್ತೆ. ಹಾರುಬೆಕ್ಕು ಮುಂಗಾಲು ಹಿಂಗಾಲಿನ ನಡುವಿನ ಚರ್ಮ ಹರಡುತ್ತೆ. ಕಪ್ಪೆ ಬೆರಳುಗಳ ನಡುವಿನ ಪೊರೆ ಅಗಲಿಸುತ್ತೆ. ಒಂದನ್ನು ನೋಡಿ ಇನ್ನೊಂದರ ಚಿತ್ರ ಬರೆಯೋಕಾಗಲ್ಲ. ಆಗಬೇಕಾದ ಕೆಲಸ ಏನು ಅಂತ ಹೇಳೋದು ಭೌತಶಾಸ್ತ್ರ. ಆ ಕೆಲಸಕ್ಕೆ ಯಾವ ಅಂಗ ಸಿಗುತ್ತೆ ಅಂತ ಹೇಳೋದು ಆ ಜೀವಿಯ ವಂಶದ ಚರಿತ್ರೆ.

ಪ್ರೋಗ್ರಾಮ್ ಬರೆಯೋ ಗೆಳೆಯರಿಗೆ ಇದು ಬೇಗ ಅರ್ಥ ಆಗುತ್ತೆ. ನಮ್ಮ ದೇಹವೂ ಯಾರೋ ಬರೆದಿಟ್ಟುಹೋದ ಹಳೇ ಕೋಡ್ ಮೇಲೇ ನಿಂತಿದೆ. ಕೈಕಾಲು ನಾಲ್ಕು ಇರೋದು ನಮ್ಮ ಪೂರ್ವಜ ಮೀನಿಗೆ ಎರಡು ಜೊತೆ ಈಜುರೆಕ್ಕೆ ಇದ್ದಿದ್ದರಿಂದ. ಬೆರಳು ಐದೇ ಇರಬೇಕು ಅಂತಲೂ ಇಲ್ಲ. ಸುಮಾರು 36 ಕೋಟಿ ವರ್ಷದ ಹಿಂದಿನ ಅಕಾಂಥೋಸ್ಟೆಗಾ ಎಂಬ ಜೀವಿಯ ಮುಂಗಾಲಲ್ಲಿ 8 ಬೆರಳಿದ್ದವು. ಬೇರೆ ಗ್ರಹದಲ್ಲಿ ಈ ಮೀನೇ ಇಲ್ಲದಿದ್ದಾಗ ಈ ಕೈಕಾಲು ಎಲ್ಲಿಂದ ಬರಬೇಕು?

‘ಆದ್ರೂ ಬುದ್ಧಿಗೆ ಕೈ ಬೇಕೇ ಬೇಕಲ್ಲ?’ ಅಂದ ಒಬ್ಬ. ಹಿಡಿಯೋಕೆ ಒಂದು ಅಂಗ ಬೇಕು, ನಿಜ. ಅದು ಮೂಗೂ ಆಗಬಹುದು. ಆಲ್ದೂರು, ಮೂಡಿಗೆರೆ ಕಡೆ ತೋಟಕ್ಕೆ ಆನೆ ಬಂದಿದ್ದನ್ನ ಕಂಡವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಸೊಂಡಿಲಲ್ಲಿ ಒಂದೂ ಮೂಳೆ ಇಲ್ಲ. ಆದರೂ ಅದು ಮರ ಮುರಿಯುತ್ತೆ, ನೆಲದ ಮೇಲಿನ ಸಣ್ಣ ಕಾಳನ್ನೂ ಎತ್ತುತ್ತೆ. ಕರೆಂಟ್ ಬೇಲಿ ಮೇಲೆ ಮರ ಕೆಡವಿ ದಾಟೋ ಆನೆಗಳಿವೆ. ನ್ಯೂಯಾರ್ಕ್‌ನ ಮೃಗಾಲಯದ ಏಷ್ಯಾದ ಆನೆಯೊಂದು ಕನ್ನಡಿಯಲ್ಲಿ ಕಾಣೋದು ತಾನೇ ಅಂತ ಗುರುತಿಸಿದ ಪ್ರಯೋಗ 2006ರಲ್ಲಿ ಪ್ರಕಟವಾಯ್ತು.

ನಮ್ಮನ್ನ ಹೆಚ್ಚು ಕಾಡಿದ್ದು ಇನ್ನೊಂದು ವಿಷಯ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯ ಇದೆ; ಕನ್ನಡವೂ ಅದರಲ್ಲೊಂದು. ವಾಯೇಜರ್ 1 ಈಗ 2,400 ಕೋಟಿ ಕಿಲೋಮೀಟರಿಗೂ ಆಚೆ ಇದೆ. ಹೆಮ್ಮೆಯ ವಿಷಯವೇ. ಆದ್ರೆ ಆನೆಗಳು 20 ಹರ್ಟ್ಸ್‌ಗಿಂತ ಕೆಳಗೆ, ನಮ್ಮ ಕಿವಿಗೆ ಕೇಳದ ದನಿಯಲ್ಲೂ ಮಾತಾಡುತ್ತವೆ ಅನ್ನೋ ಸುಳಿವು ಕೇಟಿ ಪೇನ್ ಅವರಿಗೆ ಸಿಕ್ಕಿದ್ದು 1984ರಲ್ಲಿ, ಪೋರ್ಟ್‌ಲ್ಯಾಂಡ್‌ನ ಮೃಗಾಲಯದಲ್ಲಿ. ಆಕಾಶಕ್ಕೆ ಕನ್ನಡದಲ್ಲಿ ಶುಭಾಶಯ ಕಳಿಸಿ ಏಳು ವರ್ಷ ಆದಮೇಲೆ! ಅಲ್ಲೀವರೆಗೆ ಅವು ನಮ್ಮ ಪಕ್ಕದಲ್ಲೇ ನಿಂತು ಮಾತಾಡ್ತಿದ್ರೂ ನಮಗೆ ಕೇಳಿಸಿರಲಿಲ್ಲ.

ಇದು ಬರೀ ಕುತೂಹಲದ ಮಾತಲ್ಲ. ನಮ್ಮ ಕಡೆ ತೋಟದ ಕೆಲಸಕ್ಕೆ ಹೊರಟವರು ಆನೆ ದಾಳಿಗೆ ಸತ್ತಿದ್ದಾರೆ, ಕರೆಂಟ್ ತಗುಲಿ ಆನೆಗಳೂ ಸತ್ತಿವೆ. ಬೆಳಿಗ್ಗೆ ಮನೆಯಿಂದ ಹೊರಡುವಾಗ ‘ಎಲ್ಲಿದೆಯಂತೆ?’ ಅಂತ ಕೇಳಿಕೊಂಡು ಹೊರಡೋ ಊರು ನಮ್ಮದು.

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟು. ಅನ್ಯಗ್ರಹದವರು ಇದ್ದರೆ, ನಮ್ಮ ಥರ ನೋಡಬಹುದು, ಹಿಡಿಯಬಹುದು, ಲೆಕ್ಕ ಹಾಕಬಹುದು. ಆದ್ರೆ ನಮ್ಮ ಥರ ಕಾಣೋದಿಲ್ಲ. ನಮ್ಮದೇ ಮುಖ ಹುಡುಕಿಕೊಂಡು ಹೋದ್ರೆ ಎದುರಿಗೇ ಇದ್ದರೂ ಗುರುತು ಸಿಗೋದಿಲ್ಲ. ಎಲೆಕ್ಟ್ರಾನಿಕ್ಸ್ ಓದೋ ಗೆಳೆಯರೇ, 20 ಹರ್ಟ್ಸ್ ಕೆಳಗಿನ ದನಿ ಹಿಡಿದು ‘ಆನೆ ಹತ್ತಿರದಲ್ಲಿದೆ’ ಅಂತ ತಿಳಿಸೋ ಒಂದು ಪೆಟ್ಟಿಗೆ ಫೈನಲ್ ಇಯರ್ ಪ್ರಾಜೆಕ್ಟ್ ಆಗಬಾರದಾ? ಮಾಡ್ತೀವಿ ಅನ್ನೋರು ಹೇಳಿ. ಇಟ್ಟು ನೋಡೋಕೆ ನಮ್ಮ ತೋಟಗಳಿವೆ.